ಕೊನೆಯ ನಾಲ್ಕು ರೀಲು

ಮೂಡಲಗಿರಿಯಪ್ಪ ಗಾಡಿಗೆ ದುಡ್ಡು ಬೇಡ ಅಂದರು.

ತಾವರೆಕೆರೆಯಲ್ಲಿ ಅವರ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲಗಳ ಕೆಳಗೆ, ಎರಡೂ ಟೈರು ಚಪ್ಪಟೆಯಾಗಿ ನೆಲಕ್ಕಂಟಿ ನಿಂತಿದ್ದ ಯಮಹಾವನ್ನು ನಾನು ಅಷ್ಟು ಹೊತ್ತಿಗಾಗಲೇ ಮುಕ್ಕಾಲು ಗಂಟೆ ನೋಡಿದ್ದೆ. ಸೀಟಿನ ಹರಿದ ಜಾಗದಲ್ಲಿ ಕೋಳಿಯೊಂದು ಮೊಟ್ಟೆ ಇಡುವುದನ್ನು ರೂಢಿ ಮಾಡಿಕೊಂಡಿತ್ತು. ಎಂಜಿನ್ನಿಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಲ್ಲಿ ಒರೆಸಿದಾಗ ‘ಜಪಾನ್’ ಎಂಬ ಉಬ್ಬಕ್ಷರ ಸಿಕ್ಕಿತು. ಎಂಬತ್ತಾರನೇ ಇಸವಿಯದು. ಆ ದೇಶದಿಂದಲೇ ಬಂದ ಭಾಗಗಳಿದ್ದ ಮೊದಲ ಕಾಲದ ಗಾಡಿ. ಇಂಥದೊಂದು ಸಿಗಲೆಂದು ನಾನು ನಾಲ್ಕು ವರ್ಷ ಸಿರಾ, ಪಾವಗಡದ ಗುಜರಿಗಳನ್ನೆಲ್ಲ ಅಲೆದಿದ್ದೆ.

“ದುಡ್ಡು ಬ್ಯಾಡ,” ಅಂದರು ಇನ್ನೊಮ್ಮೆ. “ನೀನು ಮಧುಗಿರಿ ವೀರಭದ್ರಯ್ಯನೋರ ಮಗ ಅಂದಲ್ಲ. ಅಂಗಾದ್ರೆ ದುಡ್ಡು ಬ್ಯಾಡ.”

“ಮತ್ತೇನು ಬೇಕು?”

“ಎಂಜಿನ್ನು ಬಿಚ್ತೀಯಲ್ಲ, ಒಳಗೆ ಜಾಮ್ ಆಗಿರೋ ಗುರುತು ಇರ್ತದೆ. ಅದನ್ನ ನಿಮ್ಮಪ್ಪಂಗೆ ತೋರ್ಸು. ತೋರ್ಸಿ ಇಲ್ಲಿಗೆ ಕರ್ಕಂಬಾ. ಈ ಹೊಸ್ತಿಲ ಮುಂದೆ ನಿಂತು, ಇವಳ ಎದುರಿಗೆ, ಮೂಡಲಗಿರಿ ಸುಳ್ಳು ಹೇಳಿರ್ಲಿಲ್ಲ ಅಂತ ಒಂದು ಮಾತು ಹೇಳ್ಲಿ. ಸಾಕು. ಗಾಡಿ ನಿಂದು.”

‘ಇವಳು’ ಎಂದರೆ ಅವರ ಹೆಂಡತಿ ಲಕ್ಷ್ಮಕ್ಕ. ಬಾಗಿಲ ಬಳಿ ಕೂತು ರಾಗಿ ಕೇರುತ್ತಿದ್ದವರು ಮೊರದಿಂದ ಕಣ್ಣೆತ್ತಲಿಲ್ಲ. “ಮೂವತ್ಮೂರು ವರ್ಷದಿಂದ ನಮ್ಮನೇಲಿ ಇದೊಂದೇ ಸಿನಿಮಾ ಕಣಪ್ಪ. ಇಂಟ್ರವಲ್ಲೂ ಇಲ್ಲ.”

“ನೀನು ಸುಮ್ಕಿರ್ಲೇ.”

“ನಾನೇನಂದೆ? ಹೆಂಡ ಕುಡ್ದು ಮಲಗಿದ್ರೆ ಮಲಗಿದ್ದೆ ಅಂತ ಹೇಳ್ಬುಡು, ನಾನೇನು ನುಂಗ್ಬುಡ್ತೀನಾ ಅಂದೆ. ಅಷ್ಟೇಯ.”

ಮೂಡಲಗಿರಿಯಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನಾನು ಒಪ್ಪಿಕೊಂಡೆ. ಆ ಹೊತ್ತಿನಲ್ಲಿ ಅವರು ಗಾಡಿಗೆ ಏನು ಕೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

ಅವರ ಕಥೆ ನನಗೆ ಗೊತ್ತಿತ್ತು, ಆದರೆ ನಮ್ಮ ಮನೆಯ ಕಡೆಯಿಂದ. ಆಗ ಮಧುಗಿರಿಯಲ್ಲಿ ಅಪ್ಪನ ಟಾಕೀಸು ಇತ್ತು. ಒಂದೇ ಪ್ರಿಂಟನ್ನು ನಮ್ಮ ಟಾಕೀಸು ಮತ್ತು ಕೊರಟಗೆರೆಯ ಟಾಕೀಸು ಹಂಚಿಕೊಳ್ಳುತ್ತಿದ್ದವು. ಕೊರಟಗೆರೆಯಲ್ಲಿ ಆಟ ಒಂದೂವರೆ ಗಂಟೆ ಮೊದಲು ಶುರು. ಅಲ್ಲಿ ಓಡಿ ಮುಗಿದ ರೀಲುಗಳನ್ನು ಡಬ್ಬಿಗೆ ಹಾಕಿ, ಬೈಕಿನ ಹಿಂದೆ ಕಟ್ಟಿ, ಹದಿನೆಂಟು ಕಿಲೋಮೀಟರ್ ತಂದು ಇಲ್ಲಿ ಮೆಷಿನ್ನಿಗೆ ಏರಿಸಬೇಕು. ಒಂದು ಆಟಕ್ಕೆ ಮೂರು ಸಲ. ಎರಡು ಸೀಮೆಹಸು ಮಾರಿ ಈ ಯಮಹಾ ತಂದಿದ್ದ ಮೂಡಲಗಿರಿಯಪ್ಪ ಐದು ವರ್ಷ ಆ ಕೆಲಸ ಮಾಡಿದ್ದರು. ಇಪ್ಪತ್ತೆರಡು ನಿಮಿಷಕ್ಕೆ ಒಂದು ನಿಮಿಷ ಹೆಚ್ಚಾಗುತ್ತಿರಲಿಲ್ಲ ಎಂದು ಅಪ್ಪನೇ ಹೇಳುತ್ತಿದ್ದರು, ಹೊಗಳುವುದಕ್ಕಲ್ಲ, ಆ ದಿನದ ತಪ್ಪು ಎಷ್ಟು ದೊಡ್ಡದೆಂದು ತೋರಿಸುವುದಕ್ಕೆ.

ಆ ದಿನ ತೊಂಬತ್ತೊಂದರ ವಿಜಯದಶಮಿ. ಮ್ಯಾಟಿನಿ, ಹೊಸ ಚಿತ್ರ, ನಿಲ್ಲಲು ಜಾಗವಿಲ್ಲ. ಮೊದಲ ಎರಡು ಕಂತು ಹೊತ್ತಿಗೆ ಸರಿಯಾಗಿ ಬಂದವು. ಕೊನೆಯ ನಾಲ್ಕು ರೀಲು ಬರಲಿಲ್ಲ. ಜನ ಶಿಳ್ಳೆ ಹಾಕಿದರು, ಆಮೇಲೆ ಕುರ್ಚಿ ಮುರಿದರು, ಆಮೇಲೆ ಪರದೆ ಹರಿದರು. ಮೂಡಲಗಿರಿಯಪ್ಪ ಬಂದದ್ದು ಮುಕ್ಕಾಲು ಗಂಟೆ ತಡವಾಗಿ. ದಾರಿಯಲ್ಲಿ ಎಂಜಿನ್ ಜಾಮ್ ಆಯಿತು, ನಿಂತೂ ನಿಂತೂ ಬಂದೆ ಅಂದರು. ಕೆರೆ ಏರಿಯ ಹತ್ತಿರ ಮರದ ಕೆಳಗೆ ಅವರು ಕೂತಿದ್ದನ್ನು ಕಂಡವರಿದ್ದರು. ಅಲ್ಲೇ ಹೆಂಡದಂಗಡಿಯೂ ಇತ್ತು. ಮಾರನೇ ದಿನ ಅಪ್ಪ ಮೆಕ್ಯಾನಿಕ್ಕನನ್ನು ಕರೆಸಿ ಕಿಕ್ ಹೊಡೆಸಿದರೆ ಗಾಡಿ ಒಂದೇ ಕಿಕ್ಕಿಗೆ ಶುರುವಾಯಿತು. ಬಿಸಿಯೇರಿ ಪಿಸ್ಟನ್ನು ಕಚ್ಚಿಕೊಂಡ ಎಂಜಿನ್ನು ಅಷ್ಟು ಸಲೀಸಾಗಿ ಶುರುವಾಗುತ್ತದೆಯೇ? ಇಡೀ ಟಾಕೀಸಿನ ಎದುರಿಗೆ ಅಪ್ಪ ಅವರನ್ನು ಕುಡುಕ, ಸುಳ್ಳುಗಾರ ಎಂದು ಕರೆದು ಕಳಿಸಿಬಿಟ್ಟರು. ಮೂಡಲಗಿರಿಯಪ್ಪ ಹೆಂಡತಿಯ ಊರಿಗೆ ಬಂದು, ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ, ಮತ್ತೆ ಅದನ್ನು ಮುಟ್ಟಲಿಲ್ಲ.

ಲಗೇಜ್ ಆಟೋದಲ್ಲಿ ಗಾಡಿ ನಮ್ಮ ಮನೆಯ ಹಿತ್ತಿಲಿಗೆ ಬಂದಾಗ ಅಲ್ಲಿ ಆಗಲೇ ಮೂರು ಇದ್ದವು. ಒಂದು ಸುಜುಕಿ, ಒಂದು ಕವಾಸಕಿ, ಇನ್ನೊಂದು ಯಾವುದೆಂದು ಹೇಳುವಷ್ಟು ಉಳಿದಿರಲಿಲ್ಲ.

ನನ್ನ ಹೆಂಡತಿ ಭವ್ಯ ಬಾಗಿಲಲ್ಲಿ ನಿಂತು ಎಣಿಸಿದಳು. “ಇದೇ ಕೊನೇದು ಅಂತ ಹೇಳಿಬಿಡಿ, ಕೇಳಿಬಿಡ್ತೀನಿ. ವರ್ಷಕ್ಕೊಂದು ಸಲ ಕೇಳಿ ಅಭ್ಯಾಸ ಆಗಿದೆ.”

“ಇದೇ ಕೊನೇದು.”

“ಸಂತೋಷ.”

ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ದಿನಕ್ಕೆ ನಾಲ್ಕು ಗಂಟೆ ಮಾತಾಡಿ ಬಂದವನಿಗೆ ಈ ಹಿತ್ತಿಲು ಬೇಕು. ತುಕ್ಕು ಹಿಡಿದ ಒಂದು ನಟ್ಟಿಗೆ ಎಣ್ಣೆ ಬಿಟ್ಟು ಕಾಯುವಾಗ ಯಾರೂ ನನ್ನಿಂದ ಏನನ್ನೂ ಕೇಳುವುದಿಲ್ಲ. ಅದು ಬಿಟ್ಟುಕೊಂಡ ಗಳಿಗೆ ಮುಂದಿನದು ಕಾಣುತ್ತದೆ. ಇನ್ನೊಂದು ಬಿಚ್ಚಿ ಒಳಗೆ ಹೋಗೋಣ ಅನ್ನುವಷ್ಟರಲ್ಲಿ ಊಟ ತಣ್ಣಗಾಗಿರುತ್ತದೆ, ಭಾನುವಾರ ಮುಗಿದಿರುತ್ತದೆ. ಇದನ್ನು ಹವ್ಯಾಸ ಎನ್ನುವುದು ಮರ್ಯಾದೆಗೆ. ಕುಡಿಯುವವರು ಹೇಗೆ ಬಾಟಲಿ ಅಡಗಿಸುತ್ತಾರೋ ಹಾಗೆ ನಾನು ಪಾವಗಡದಿಂದ ತಂದ ಒಂದು ಸೈಲೆನ್ಸರನ್ನು ವಾರಗಟ್ಟಲೆ ಹುಲ್ಲಿನೊಳಗೆ ಅಡಗಿಸಿಟ್ಟಿದ್ದುಂಟು.

ಅಪ್ಪ ಕೋಲೂರಿಕೊಂಡು ಹಿತ್ತಿಲಿಗೆ ಬಂದರು. ಎಪ್ಪತ್ತೊಂಬತ್ತಾದರೂ ಹಣೆಯ ಮೂರು ಗೆರೆ ವಿಭೂತಿ ಸ್ಕೇಲು ಇಟ್ಟು ಎಳೆದಂತಿರುತ್ತದೆ. ನಂಬರ್ ಪ್ಲೇಟು ನೋಡಿದರು. “ಆ ಕುಡುಕನ ಗಾಡಿ ಅಲ್ವಾ ಇದು?”

ನಾನು ಷರತ್ತನ್ನು ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ.

“ಬಿಚ್ಚು,” ಅಂದರು. “ಜಾಮ್ ಆಗಿದ್ದರೆ ನಾನೇ ಬಂದು ಅವನ ಬಾಗಿಲಲ್ಲಿ ನಿಂತು ಹೇಳ್ತೀನಿ. ಆಗಿಲ್ಲದಿದ್ದರೆ, ಈ ವಿಷಯ ಈ ಮನೇಲಿ ಮತ್ತೆ ಎತ್ತಕೂಡದು. ಗಾಡೀನೂ ವಾಪಸ್ ಹೋಗಬೇಕು.”

“ಆಯ್ತು.”

“ನನ್ನನ್ನ ಕರೆದೇ ಬಿಚ್ಚು.”

ಕರೆಯಲಿಲ್ಲ. ಅದು ನನ್ನ ಚಟದ ತಪ್ಪು. ಎರಡು ವಾರ ಡೀಸೆಲ್ಲಿನಲ್ಲಿ ನೆನೆದ ಎಂಜಿನ್ನಿನ ನಟ್ಟುಗಳು ಒಂದು ಬೆಳಿಗ್ಗೆ ಒಂದರ ಹಿಂದೊಂದು ಬಿಟ್ಟುಕೊಂಡವು, ನನ್ನ ಕೈ ನಿಲ್ಲಲಿಲ್ಲ. ಅಪ್ಪ ಒಳಗೆ ಪೂಜೆಯಲ್ಲಿದ್ದರು, ಗಂಟೆಯ ಸದ್ದು ಕೇಳುತ್ತಿತ್ತು. ನಾನು ಬ್ಲಾಕನ್ನು ಮೇಲಕ್ಕೆಳೆದೆ. ಪಿಸ್ಟನ್ನು ಹೊರಗೆ ಬಂತು.

ಜಾಮ್ ಆದ ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂತೆ ಉದ್ದುದ್ದ ಗೀರುಗಳಿರುತ್ತವೆ. ಅದು ಓಡಾಡುವ ಬ್ಲಾಕಿನ ಗೋಡೆಯಲ್ಲೂ ಇರುತ್ತವೆ. ಎಷ್ಟು ವರ್ಷವಾದರೂ ಹೋಗುವುದಿಲ್ಲ. ಇದರ ಮೈ ಬೂದುಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಉಗುರು ಆಡಿಸಿದೆ. ಎಲ್ಲೂ ತಡೆಯಲಿಲ್ಲ. ಬ್ಲಾಕನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದೆ. ತೊಳೆದಿಟ್ಟ ಲೋಟದ ಹಾಗಿತ್ತು. ಪಿಸ್ಟನ್ನೂ ಫ್ಯಾಕ್ಟರಿಯಿಂದ ಬಂದ ಮೊದಲ ಅಳತೆಯದೇ. ಎಂದರೆ ಯಾರೂ ಬದಲಾಯಿಸಿಲ್ಲ, ಬ್ಲಾಕಿನ ಒಳಗೋಡೆ ಕೊರೆಸಿ ಅಗಲ ಮಾಡಿಸಿಲ್ಲ.

ಈ ಎಂಜಿನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಜಾಮ್ ಆಗಿರಲಿಲ್ಲ.

ಒಂದು ಹಳೆಯ ಟವೆಲಿನಲ್ಲಿ ಪಿಸ್ಟನ್ನನ್ನು ಸುತ್ತಿ ಸ್ಪಾನರ್ ಪೆಟ್ಟಿಗೆಯ ತಳಕ್ಕೆ ಇಟ್ಟೆ. ಅಪ್ಪ ಬಂದು ಕೇಳಿದಾಗ ಇನ್ನೂ ನೆನೆಯಬೇಕು ಅಂದೆ. ಅವರು ನಂಬಿದರು. ಅವರು ನಂಬಿದ್ದು ನನಗೆ ಹಿಂಸೆಯಾಯಿತು.

ಆ ವಾರ ಸಿರಾಕ್ಕೆ ಹೋದೆ. ಲೇತ್ ಅಂಗಡಿಯ ಖಲೀಲ್ ಸಾಬರು ನನ್ನ ಎಲ್ಲ ಗಾಡಿಗಳ ಕಾಯಿಲೆ ಬಲ್ಲವರು. ರಿಂಗು, ಗ್ಯಾಸ್ಕೆಟ್ಟು ತೆಗೆದುಕೊಂಡ ಮೇಲೂ ನಾನು ನಿಂತೇ ಇದ್ದೆ.

“ಔರ್ ಕ್ಯಾ ಮೇಷ್ಟ್ರೇ?”

“ಯಮಹಾದ್ದು ಒಂದು ಜಾಮ್ ಆದ ಪಿಸ್ಟನ್ ಬೇಕಿತ್ತು. ಹಳೇದು. ಸ್ಟ್ಯಾಂಡರ್ಡ್ ಸೈಜು.”

ಖಲೀಲ್ ಸಾಬರು ಕನ್ನಡಕ ಮೇಲೆ ಮಾಡಿದರು. “ಅರೆ! ಮೂವತ್ತು ವರ್ಷದಲ್ಲಿ ಎಲ್ಲಾರು ಚಲೋ ಪಿಸ್ಟನ್ ಕೇಳಿದಾರೆ. ಖರಾಬ್ ಪಿಸ್ಟನ್ ಕೇಳಿದೋರು ನೀವೇ ಮೊದಲು. ಮಕ್ಕಳಿಗೆ ಪಾಠ ಮಾಡೋಕಾ?”

“ಹೂಂ. ಪಾಠಕ್ಕೆ.”

ಅವರು ಡಬ್ಬಿಯಲ್ಲಿ ಕೈಯಾಡಿಸಿ ಒಂದನ್ನು ಒರೆಸಿ ಕೊಟ್ಟರು. ಸುಂದರವಾಗಿ ಕೆಟ್ಟ ಪಿಸ್ಟನ್ನು. ಮೇಲಿಂದ ಕೆಳಗಿನವರೆಗೆ ಗೀರು. “ಇಟ್ಕೊಳ್ಳಿ, ಮುಫತ್,” ಅಂದರು. ನಾನು ಅದನ್ನು ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಡೆಗೆ ಒತ್ತುತ್ತಿತ್ತು.

ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಒಂದು ನಿಜ, ಅದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಇನ್ನೊಂದು ಸುಳ್ಳು, ಅದರಿಂದ ಒಬ್ಬ ಮುದುಕ ಹೆಂಡತಿಯ ಎದುರು ತಲೆಯೆತ್ತಿ ಊಟ ಮಾಡುತ್ತಾನೆ. ಅಪ್ಪನ ಕಣ್ಣಿಗೆ ಪೊರೆ ಬೇರೆ ಬಂದಿದೆ. ಬ್ಲಾಕಿನ ಗೋಡೆಗೆ ಸ್ವಲ್ಪ ಉಪ್ಪುಕಾಗದ ಆಡಿಸಿದರೆ ಸಾಕು. ಗಾಡಿಯೂ ನನಗೇ ಉಳಿಯುತ್ತದೆ. ಈ ಕೊನೆಯ ಮಾತು ಮನಸ್ಸಿಗೆ ಬಂದ ಮೇಲೆ ಕೈ ಹಿಂದೆ ಸರಿಯಿತು. ನನ್ನ ಚಟಕ್ಕೆ ನಾನು ಹಾಕಿಕೊಂಡ ನಿಯಮ ಒಂದೇ ಒಂದು. ಗಾಡಿಯಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸಬಾರದು. ಬಣ್ಣ ಹೋಗಿದ್ದರೆ ಹೋಗಿದೆ, ನೆಗ್ಗಿದ್ದರೆ ನೆಗ್ಗಿದೆ. ಹೊಸ ಭಾಗಕ್ಕೆ ಹಳೆಯ ತುಕ್ಕು ಹಚ್ಚಿ ಮಾರುವವರನ್ನು ನಾನು ಬಲ್ಲೆ, ಅವರ ಜೊತೆ ಟೀ ಕೂಡ ಕುಡಿಯುವುದಿಲ್ಲ.

ಆದರೆ ಇನ್ನೊಂದು ವಿಷಯವಿತ್ತು. ಮೂಡಲಗಿರಿಯಪ್ಪ ಸುಳ್ಳು ಹೇಳಿದವರಾದರೆ, ಎಂಜಿನ್ನು ಬಿಚ್ಚು ಎಂದು ತಾವೇ ಯಾಕೆ ಹೇಳುತ್ತಾರೆ? ಕದ್ದವನು ತನ್ನ ಮನೆಯ ಬೀಗದ ಕೈ ಕೊಡುವುದಿಲ್ಲ. ಗಾಡಿ ನಿಂತದ್ದು ನಿಜವಿರಬೇಕು, ಕಾರಣ ಅವರಿಗೂ ಗೊತ್ತಿಲ್ಲದ್ದಿರಬೇಕು. ಹಾಗಿದ್ದರೆ ಆ ಕಾರಣ ಇನ್ನೂ ಈ ಗಾಡಿಯಲ್ಲೇ ಎಲ್ಲೋ ಇದೆ, ಯಾಕೆಂದರೆ ಆ ದಿನದಿಂದ ಇದನ್ನು ಯಾರೂ ಮುಟ್ಟಿಲ್ಲ.

ಏನನ್ನೂ ಬದಲಾಯಿಸದೆ ಇದನ್ನು ಓಡಿಸಬೇಕು. ಅದೇ ದಾರಿಯಲ್ಲಿ. ಅದು ನಿಲ್ಲುವವರೆಗೆ.

ಸೀಳಿದ ರಬ್ಬರು, ಸತ್ತ ಟೈರು, ರಿಂಗು, ಇಷ್ಟು ಬಿಟ್ಟರೆ ಎಲ್ಲವನ್ನೂ ಅದರದೇ ಭಾಗಗಳಿಂದ ಜೋಡಿಸಿದೆ. ಮೂರು ತಿಂಗಳು ಹಿಡಿಯಿತು. ಅಪ್ಪ ಕೇಳಿದಾಗಲೆಲ್ಲ, ಓಡಿಸಿ ನೋಡಿದ ಮೇಲೆ ಹೇಳುತ್ತೇನೆ ಅಂದೆ. ಟ್ಯಾಂಕಿನೊಳಗಿನ ತುಕ್ಕಿಗೆ ಹುಣಸೆಹುಳಿ, ಜಲ್ಲಿಕಲ್ಲು ಹಾಕಿ ಕುಲುಕಿ ಕುಲುಕಿ ತೋಳು ಬಿದ್ದುಹೋಯಿತು. “ಮಗು ಚಿಕ್ಕದಿದ್ದಾಗ ಇಷ್ಟು ತೂಗಲಿಲ್ಲ ನೀವು,” ಅಂದಳು ಭವ್ಯ. ಟ್ಯಾಂಕಿನ ಮುಚ್ಚಳವನ್ನು ಮಾತ್ರ ತೊಳೆಯಲಿಲ್ಲ. ಅದರ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಆ ವರ್ಷದ ಆಯುಧಪೂಜೆಯದು, ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಪೂಜೆಯ ಗುರುತನ್ನು ಕೆರೆದು ತೆಗೆಯಲು ನನಗೆ ಮನಸ್ಸಾಗಲಿಲ್ಲ. ನಮ್ಮ ಕಡೆ ಯಾವ ಮೆಕ್ಯಾನಿಕ್ಕೂ ತೆಗೆಯುವುದಿಲ್ಲ.

ಒಂದು ಲೀಟರ್ ಪೆಟ್ರೋಲು ಹಾಕಿ ಊರೊಳಗೆ ಸುತ್ತಿದೆ. ಬೆಟ್ಟದ ಕೆಳಗಿನ ರಸ್ತೆಯಲ್ಲಿ ಮೂರು ಸಲ. ಗಾಡಿ ಎಲ್ಲೂ ತಡವರಿಸಲಿಲ್ಲ. ಎಷ್ಟು ಚೆನ್ನಾಗಿ ಓಡಿತೆಂದರೆ ನನಗೆ ಎದೆಯೊಡೆಯಿತು. ತಪ್ಪೇ ಇಲ್ಲದ ಗಾಡಿ ಎಂದರೆ ತಪ್ಪು ಮನುಷ್ಯನದೇ.

ಹೊಸತೇನಾದರೂ ನೆನಪಾಗುತ್ತದೆಯೇ ಎಂದು ಮೂಡಲಗಿರಿಯಪ್ಪನಿಗೆ ಫೋನು ಮಾಡಿದೆ. ಆ ಕೊನೆಯ ಟ್ರಿಪ್ಪಿನಲ್ಲಿ ಮೊದಲಿನ ಎರಡಕ್ಕಿಂತ ಬೇರೆ ಏನು ಮಾಡಿದಿರಿ?

“ಏನೂ ಇಲ್ಲ ಕಣಪ್ಪ. ಹಬ್ಬ ಅಂತ ಯಜಮಾನ್ರು ಪೆಟ್ರೋಲ್ ಚೀಟಿ ಕೊಟ್ಟಿದ್ರು. ಕೊರಟಗೆರೆ ಬಂಕಲ್ಲಿ ಫುಲ್ ಮಾಡ್ಸಿ ಹೊಂಟೆ. ಏರಿ ತಾವ ಬರೋಗಂಟ ಕುದ್ರೆ ಇದ್ದಂಗಿತ್ತು. ಆಮೇಲೆ ಉಸ್ರು ಕಟ್ದಂಗಾಯ್ತು ನೋಡು.”

ಅಕ್ಟೋಬರಿನ ಒಂದು ಭಾನುವಾರ ಕೊರಟಗೆರೆಗೆ ಹೋದೆ. ರೀಲು ಡಬ್ಬಿಗಳ ಬದಲು ಹಿಂದೆ ಇಪ್ಪತ್ತು ಕೆಜಿ ರಾಗಿ ಕಟ್ಟಿಕೊಂಡಿದ್ದೆ. ಗೊರವನಹಳ್ಳಿಗೆ ಹೊರಟಿದ್ದ ಭಕ್ತರ ಬಸ್ಸುಗಳ ನಡುವೆ ಬಂಕಿನಲ್ಲಿ ನಿಂತು, ಟ್ಯಾಂಕು ಕಂಠದವರೆಗೆ ತುಂಬಿಸಿ, ಮುಚ್ಚಳ ಒತ್ತಿ ಬೀಗ ಹಾಕಿದೆ. ಮೂರೂ ನಲವತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ.

ಹನ್ನೊಂದು ಕಿಲೋಮೀಟರ್ ಕುದುರೆ ಇದ್ದಹಾಗಿತ್ತು. ಕೆರೆ ಏರಿಗೆ ಇನ್ನೂ ಒಂದು ಫರ್ಲಾಂಗ್ ಇರುವಾಗ ಎಂಜಿನ್ನಿನ ದನಿ ತೆಳುವಾಯಿತು. ಆಕ್ಸಿಲರೇಟರ್ ತಿರುವಿದರೂ ಓಡಲಿಲ್ಲ. ಎರಡು ಸಲ ಬಿಕ್ಕಿ ನಿಂತುಹೋಯಿತು.

ಕಿಕ್ ಹೊಡೆದೆ. ಇಲ್ಲ. ಹತ್ತು ನಿಮಿಷ ಕಾದೆ. ಶುರುವಾಯಿತು. ಅರ್ಧ ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಮತ್ತೆ ಕಾದೆ, ಮತ್ತೆ ಹೊರಟೆ, ಮತ್ತೆ ನಿಂತೆ. ಏರಿಯ ಆಚೆ ಒಂದು ಹುಣಸೆಮರವಿತ್ತು. ಅದರ ಕೆಳಗೆ ಕೂತೆ. ಒಂದು ಆಟೋದವನು ನಿಧಾನ ಮಾಡಿ ನನ್ನನ್ನು ನೋಡಿಕೊಂಡು ಹೋದ. ಹೀಗೇ ಯಾರೋ ಅವರನ್ನೂ ನೋಡಿಕೊಂಡು ಹೋಗಿರಬೇಕು. ನನಗೆ ನಗು ಬಂತು. ಮೂರು ತಿಂಗಳ ದುಡಿಮೆ ನಡುರಸ್ತೆಯಲ್ಲಿ ಕೆಟ್ಟು ನಿಂತದ್ದಕ್ಕೆ ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು.

ಪ್ಲಗ್ಗು ಬಿಚ್ಚಿದೆ, ಒಣಗಿತ್ತು. ಎಂದರೆ ಪೆಟ್ರೋಲು ಕೆಳಗೆ ಬರುತ್ತಿಲ್ಲ. ಫುಲ್ ಟ್ಯಾಂಕಿನಲ್ಲಿ ಪೆಟ್ರೋಲು ಬರುತ್ತಿಲ್ಲವೆಂದರೆ ಏನು? ಏನೋ ಕಸ ಕೂತಿರಬೇಕೆಂದು ಬೀಗ ತಿರುವಿ ಮುಚ್ಚಳ ಎತ್ತಿದೆ.

ಹುಸ್ ಅಂತು.

ಎಷ್ಟೋ ಹೊತ್ತು ಉಸಿರು ಕಟ್ಟಿದ್ದವನು ಗಾಳಿಯನ್ನು ಒಳಗೆಳೆದುಕೊಂಡ ಸದ್ದು. ನಾನು ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಕಿಕ್ ಹೊಡೆದೆ. ಒಂದೇ ಕಿಕ್ಕು. ಮುಚ್ಚಳ ಸಡಿಲವಾಗಿಟ್ಟು ಹೊರಟೆ, ಮೂರು ಕಿಲೋಮೀಟರ್ ಓಡಿತು. ಬಿಗಿದು ಬೀಗ ಹಾಕಿದೆ, ನಿಂತಿತು. ತೆಗೆದೆ, ಓಡಿತು. ಸಾಲದೆಂದು ವಾಪಸ್ ತಿರುಗಿ ಇನ್ನೆರಡು ಸಲ ಅದೇ ರಸ್ತೆಯಲ್ಲಿ ಮಾಡಿ ನೋಡಿದೆ. ಪೆಟ್ರೋಲು ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿಂದ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಯಷ್ಟು ತೂತು ಇರುತ್ತದೆ. ಟ್ಯಾಂಕು ಅರೆಬರೆ ಇದ್ದಾಗ ಒಳಗಿನ ಗಾಳಿಯೇ ಸಾಕಾಗುತ್ತದೆ. ತುಂಬಿದಾಗ ಸಾಲುವುದಿಲ್ಲ. ನಿಲ್ಲಿಸಿಟ್ಟರೆ ಸಂದಿಯಿಂದ ಗಾಳಿ ನುಸುಳಿ ಮತ್ತೆ ಸರಿಹೋಗುತ್ತದೆ, ಮಾರನೇ ದಿನ ಮೆಕ್ಯಾನಿಕ್ಕನ ಒಂದೇ ಕಿಕ್ಕಿಗೆ ಶುರುವಾದ ಹಾಗೆ.

ತೂತು ಎಲ್ಲಿದೆ ಎಂದು ಹುಡುಕಿದೆ. ವಿಭೂತಿಯ ನಡುಗೆರೆಯ ಕೆಳಗಿತ್ತು.

ಅಪ್ಪ ಜಗುಲಿಯಲ್ಲಿ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಪಿಸ್ಟನ್ನು ಮೂರು ತಿಂಗಳ ಹಿಂದೆಯೇ ನೋಡಿದ್ದನ್ನು, ಜಾಮ್ ಆಗಿರಲಿಲ್ಲ ಎಂಬುದನ್ನು, ಖಲೀಲ್ ಸಾಬರಿಂದ ತಂದದ್ದನ್ನೂ ಹೇಳಿದೆ. ಅಪ್ಪನ ಹುಬ್ಬು ಗಂಟಾಯಿತು.

“ಅಂದ್ರೆ ಅವನು ಹೇಳಿದ್ದು ಸುಳ್ಳೇ ಆಯ್ತಲ್ಲ.”

“ಜಾಮ್ ಅಂದದ್ದು ತಪ್ಪು ಅಪ್ಪಾಜಿ. ನಿಂತಿತು ಅಂದದ್ದು ನಿಜ.”

“ಒಂದು ವಿಭೂತಿ ಗಾಡಿ ನಿಲ್ಲಿಸ್ತಾ? ವಿಭೂತಿ ಅಂದ್ರೆ ಬೂದಿ ಕಣೋ. ಎರಡು ಮೈಲಿ ಗಾಳಿಗೆ ಹಾರಿಹೋಗುತ್ತೆ. ನನಗೆ ಗೊತ್ತಿಲ್ವಾ, ದಿನಾ ಹಚ್ಚೋನು ನಾನು.” ಕೈ ಚಾಚಿದರು. “ಕೊಡಿಲ್ಲಿ.”

ಕೊಟ್ಟೆ. ಅವರ ಮಾತಿನಲ್ಲಿ ನ್ಯಾಯವಿತ್ತು. ಬರೀ ಬೂದಿ ಹೀಗೆ ಕಲ್ಲಾಗುವುದಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ಮುಚ್ಚಳವನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳ ಉಗುರಿನಿಂದ ಗೆರೆಯ ಅಂಚನ್ನು ಕೆರೆದರು. ಸಣ್ಣದೊಂದು ಚಕ್ಕೆ ಎದ್ದಿತು. ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿದರು. ಬಿಳಿಯ ಚಕ್ಕೆಯ ಹಿಂಭಾಗ ಮಾಸಲು ನೀಲಿಯಾಗಿತ್ತು.

ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ಒಳಗೆ ಕುಕ್ಕರು ಮೂರು ಸಲ ಕೂಗಿತು. ಭವ್ಯ ಬಂದು ಇಬ್ಬರನ್ನೂ ನೋಡಿ ಕೇಳದೆ ಹೋದಳು.

“ಮೈಲುತುತ್ತ,” ಅಂದರು ಕೊನೆಗೆ.

“ಏನು?”

“ಪೋಸ್ಟರ್ ಅಂಟಿಸೋ ಸರಿಗೆ, ಅದೇ ಅಂಟಿಗೆ, ಹಾಕ್ತಿದ್ದೆವು. ಮೈದಾ ಬೇಯಿಸಿ, ಹುಳ ಹತ್ತಬಾರದು ಅಂತ ಒಂದು ಚಿಟಿಕೆ ಈ ನೀಲಿ ಮೈಲುತುತ್ತ.” ಚಕ್ಕೆಯಿಂದ ಕಣ್ಣು ತೆಗೆಯಲಿಲ್ಲ. “ಪ್ರತಿ ವರ್ಷ ಆಯುಧಪೂಜೆ ಮಾಡಿ ಹಚ್ಚಿದ ವಿಭೂತಿ ಮೂಡಲಗಿರಿ ಕೊರಟಗೆರೆ ಮುಟ್ಟೋ ಹೊತ್ತಿಗೆ ಹಾರಿಹೋಗ್ತಿತ್ತು. ಆ ವರ್ಷ ನನಗೇ ಹೊಳೀತು. ಪೋಸ್ಟರ್ ಸರಿಯಲ್ಲಿ ವಿಭೂತಿ ಕಲಸಿದೆ. ಮಳೆ ಬಂದರೂ ಹೋಗಬಾರದು ನೋಡು ಅಂದೆ. ಟ್ಯಾಂಕಿನ ಮುಚ್ಚಳದ ಮೇಲೆ ನಾನೇ ಎಳೆದೆ. ಅವನು ಕೈ ಮುಗಿದು ನಿಂತಿದ್ದ.”

ಈ ಮಾತನ್ನು ಅವರು ಹೇಳದೆ ಇದ್ದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಆ ನೀಲಿಯ ಅರ್ಥ ಬಲ್ಲವರು ಈ ಊರಿನಲ್ಲಿ ಈಗ ಅವರೊಬ್ಬರೇ.

ಅಪ್ಪ ಎದ್ದರು. ದೇವರ ಮನೆಯಿಂದ ಸೂಜಿ ತಂದರು, ಹೂವು ಪೋಣಿಸುವ ಸೂಜಿ. ತೂತಿನ ಮೇಲಿನ ಸರಿಯನ್ನು ತಾವೇ ಕುಕ್ಕಿ ಕುಕ್ಕಿ ತೆಗೆದರು. ನಾನು ಕೇಳಿದರೂ ಕೊಡಲಿಲ್ಲ. ಆಚೆ ಬೆಳಕು ಕಂಡ ಮೇಲೆ ಬಾಯಿಂದ ಊದಿ ನೋಡಿದರು.

“ನಾಳೆ ಬೆಳಿಗ್ಗೆ ಹೊರಡೋಣ.”

“ಕಾರು ಕರೆಸ್ತೀನಿ.”

“ಗಾಡೀಲೇ ಹೋಗೋದು.”

ಭವ್ಯ ಗಲಾಟೆ ಮಾಡಿದಳು. ಐವತ್ತು ಕಿಲೋಮೀಟರ್, ಈ ವಯಸ್ಸಿನಲ್ಲಿ, ಆ ಗುಜರಿಯ ಮೇಲೆ. “ಮಾವ, ಇವರಿಗಂತೂ ಹುಚ್ಚು. ನಿಮಗೂ ಅಂಟಿತಾ?” ಅಪ್ಪ ಕೇಳಲಿಲ್ಲ. ಮಂಕಿಕ್ಯಾಪು ಹಾಕಿ, ಅದರ ಮೇಲೆ ಹೆಲ್ಮೆಟ್ ಒತ್ತಿ, ಪಂಚೆ ಎತ್ತಿ ಕಟ್ಟಿ ನನ್ನ ಹಿಂದೆ ಕೂತರು. ನಾನು ಮಧುಗಿರಿಯಲ್ಲೇ ಟ್ಯಾಂಕು ಕಂಠದವರೆಗೆ ತುಂಬಿಸಿದೆ. ಸಿರಾದಲ್ಲಿ ಟೀ ಕುಡಿಯುವಾಗ ಒಮ್ಮೆ ಮಾತ್ರ ಕೇಳಿದರು: “ಅವನು ಆ ದಿನ ಮುಚ್ಚಳ ತೆಗೆದು ಯಾಕೆ ನೋಡಲಿಲ್ಲ?”

“ಈಗ ತಾನೇ ಫುಲ್ ಮಾಡಿಸಿದ್ದರಲ್ಲ. ತೆಗೆದು ನೋಡೋದು ಏನಿತ್ತು?”

ಅಪ್ಪ ಲೋಟ ಕೆಳಗಿಟ್ಟರು, ಟೀ ಅರ್ಧ ಉಳಿದಿತ್ತು.

ಗಾಡಿಯ ಸದ್ದಿಗೇ ಮೂಡಲಗಿರಿಯಪ್ಪ ಹೊರಗೆ ಬಂದು ನಿಂತಿದ್ದರು. ಲಕ್ಷ್ಮಕ್ಕ ಬಾಗಿಲಲ್ಲಿ. ಅಪ್ಪ ಇಳಿದು, ಹೆಲ್ಮೆಟ್ ತೆಗೆದು, ಹೊಸ್ತಿಲ ಮುಂದೆ ಹೋಗಿ ನಿಂತರು. ಮೂಡಲಗಿರಿಯಪ್ಪ ಕೂರಿ ಅಂದರು, ಅಪ್ಪ ಕೂರಲಿಲ್ಲ. ಲಕ್ಷ್ಮಕ್ಕನ ಕಡೆ ತಿರುಗಿದರು.

“ಮೂಡಲಗಿರಿ ಸುಳ್ಳು ಹೇಳಿರಲಿಲ್ಲ ತಾಯಿ. ಗಾಡಿ ನಿಂತಿತ್ತು. ನಿಲ್ಲಿಸಿದೋನು ನಾನು.”

ಮುಚ್ಚಳ, ವಿಭೂತಿ, ಸರಿ, ಸೂಜಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಕೋಳಿಗಳು ಕಾಲಡಿ ಓಡಾಡುತ್ತಿದ್ದವು. ಮೂಡಲಗಿರಿಯಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು.

“ಅಂಗಾದ್ರೆ ಜಾಮ್ ಆಗಿರ್ಲಿಲ್ವಾ?” ಅಂದರು ನನ್ನನ್ನು ನೋಡಿ.

“ಇಲ್ಲ. ಪಿಸ್ಟನ್ ಹೊಸದರಂಗಿದೆ.”

“ಅಯ್ಯೋ, ನಾನು ಜಾಮು ಅಂತ ಇಷ್ಟು ವರ್ಷ ಬಡ್ಕಂಡೆನಲ್ಲ. ಸರಿಯಾದ ಸುಳ್ಳೇ ಹೇಳ್ಬುಟ್ಟಿದ್ದೀನಿ.” ನಗಲು ಹೋದರು, ನಗು ಅರ್ಧದಲ್ಲಿ ಬೇರೇನೋ ಆಗಿ ಟವೆಲಿನಿಂದ ಮುಖ ಒರೆಸಿಕೊಂಡರು. “ಯಜಮಾನ್ರು ಕೂತ್ಕಳಿ. ಬಿಸ್ಲಿಗೆ ಬಂದಿದ್ದೀರಿ.”

ಲಕ್ಷ್ಮಕ್ಕ ಹೊಸ್ತಿಲು ದಾಟಿದರು. ಗಾಡಿಯ ಹತ್ತಿರ ಬಂದು, ಮುಚ್ಚಳವನ್ನು, ಅದರ ಮೇಲೆ ಉಳಿದಿದ್ದ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎರಡು ಹಸು ಕೊಟ್ಟು ತಂದ ಗಾಡಿ. ಆಮೇಲೆ ಒಳಗೆ ಹೋದರು, ಲೋಟಗಳ ಸದ್ದು ಕೇಳಿತು, ತುಂಬ ಹೊತ್ತು ಬರೀ ಲೋಟಗಳ ಸದ್ದೇ.

ಮೂಡಲಗಿರಿಯಪ್ಪ ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡರು. “ಗಾಡಿ ನಿಂದೇಯ. ಮಾತು ಮಾತೇ. ಒಂದು ಸುತ್ತು ಹೋಗ್ಬತ್ತೀನಿ.” ಕಾಲು ಎತ್ತಿ ಹಾಕಲು ಎರಡು ಸಲ ಪ್ರಯತ್ನಿಸಬೇಕಾಯಿತು. ಕಿಕ್ಕು ಮಾತ್ರ ಒಂದೇ.

“ಎಲ್ಲಿಗೆ ಹೊಂಟೆ?” ಲಕ್ಷ್ಮಕ್ಕ ಒಳಗಿನಿಂದ ಕೂಗಿದರು.

“ಇಲ್ಲೇ. ರೀಲು ಮುಟ್ಸಿ ಬತ್ತೀನಿ.”

ಸದ್ದು ಹೊಲಗಳ ಕಡೆ ಹೋಯಿತು, ಸಣ್ಣದಾಯಿತು, ಇಲ್ಲವಾಯಿತು. ಅಪ್ಪ, ನಾನು ಜಗುಲಿಯಲ್ಲಿ ಕೂತೆವು. ಮಜ್ಜಿಗೆ ಬಂತು, ಕುಡಿದೆವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಪ್ಪ ಗಡಿಯಾರ ನೋಡಿದರು, ರಸ್ತೆ ನೋಡಿದರು, ಮತ್ತೆ ಗಡಿಯಾರ ನೋಡಿದರು. ಅವರ ಬಾಯಿ ತೆರೆದದ್ದನ್ನು ಕಂಡು ನಾನು ಎದ್ದು ನಿಂತೆ, ನೋಡಿಕೊಂಡು ಬರಲೆಂದು.

“ಕೂತ್ಕೊಳಪ್ಪ, ಬತ್ತಾನೆ,” ಅಂದರು ಲಕ್ಷ್ಮಕ್ಕ, ಮೊರವನ್ನು ಮಡಿಲಿಗೆ ಎಳೆದುಕೊಳ್ಳುತ್ತ. “ಗಾಡಿ ಎಲ್ಲೋ ನಿಂತಿರ್ತದೆ.”